ಹಳದಿ ಕಾರ್ಡು, ಹಸಿರು ಕಾರ್ಡು, ಒಂದೇ ಮಗು

ಮೊಮ್ಮಗಳು ಹುಟ್ಟಿದ್ದಾಳೆ. ನಾನು ಕೂತದ್ದು ಕೆಲಸದ ಕಥೆ ಬರೆಯುವುದಕ್ಕೆ, ಆದರೆ ಪೆನ್ನು ಹಿಡಿದರೆ ಮೊದಲು ಬಂದದ್ದು ಇದು. ಬಂದದ್ದನ್ನು ಅಳಿಸಲು ಮನಸ್ಸಿಲ್ಲ. ಮದುವೆಯಾಗಿ ಬಹಳ ವರ್ಷ ಕಾಯಿಸಿ ನನ್ನ ಮಗಳು ಸವಿತಾ ಹೆತ್ತ ಹೆಣ್ಣು ಮಗು. ಈಗ ನನ್ನ ಕುರ್ಚಿಯ ಪಕ್ಕದ ತೊಟ್ಟಿಲಲ್ಲಿ ಮುಷ್ಟಿ ಬಿಗಿದುಕೊಂಡು ಮಲಗಿದೆ. ಮೂಗು ನನ್ನದೇ. ಮನೆಯಲ್ಲಿ ಬೇರೆ ಯಾರೂ ಇದನ್ನು ಒಪ್ಪಿಲ್ಲ. ಅವರೆಲ್ಲ ಒಮ್ಮೆ ಕಣ್ಣು ತೋರಿಸಿಕೊಂಡು ಬರುವುದು ಒಳ್ಳೆಯದು.

ಮೊನ್ನೆ ಬಾಣಂತಿ ಮತ್ತು ಮಗುವಿನ ವಿವರ ಕೇಳಲು ಕಾವ್ಯ ಎಂಬ ಹುಡುಗಿ ಬಂದಿದ್ದಳು. ಕೈಯಲ್ಲಿ ಕಾಗದವಿಲ್ಲ, ಪೆನ್ನಿಲ್ಲ, ಒಂದು ಟ್ಯಾಬು. ಕೆಲಸಕ್ಕೆ ಹೊಸದಾಗಿ ಸೇರಿದ್ದಾಳೆ. ನೆಟ್‌ವರ್ಕ್ ಸಿಗದೆ ಅವತ್ತು ಏನೂ ಸೇರಿಸಲಾಗಲಿಲ್ಲ. ನೆಟ್‌ವರ್ಕಿಗೆ ಕಾಯುತ್ತ ಕೂತವಳಿಗೆ, ನಾನೂ ಒಂದು ಕಾಲದಲ್ಲಿ ಇದೇ ಕೆಲಸ ಮಾಡಿದವಳು ಎಂದು ಶುರುಮಾಡಿ, ಕಾಫಿ ಆರುವ ತನಕ ಮಾತಾಡಿದೆ. ಎದ್ದು ಹೋಗುವಾಗ ಅವಳು, ಇದನ್ನೆಲ್ಲ ಬರೆದುಕೊಡಿ ಅಜ್ಜಿ, ನಮ್ಮ ಜೊತೆ ಸೇರಿರುವ ಹೊಸಬರೆಲ್ಲ ಓದುತ್ತೇವೆ ಎಂದಳು. ಬೇಗ ಬಿಡುಗಡೆಯಾಗಲಿ ಎಂದು ಹೇಳಿದ್ದರೂ ಹೇಳಿರಬಹುದು. ನಾನು ಅದನ್ನು ಅಪ್ಪಣೆ ಎಂದೇ ತಿಳಿದೆ. ಓದಿದ್ದು ಏಳನೇ ಕ್ಲಾಸು. ಆದರೆ ಈ ವಾರ ನನ್ನನ್ನು ತಡೆಯುವುದು ಯಾರಿಂದಲೂ ಆಗದು.

ನಾನಿದ್ದದ್ದು ಒಂದು ಸೇವಾ ಸಂಸ್ಥೆಯಲ್ಲಿ. ಹೆಸರು ಬೇಡ. ಅದು ಈಗ ಇಲ್ಲ, ಇಲ್ಲದವರ ಹೆಸರು ಹಿಡಿದು ಆಡಿಕೊಳ್ಳುವುದು ಸರಿಯಲ್ಲ. ಹೆಸರು ಹಿಡಿಯದೆ ಆಡಿಕೊಳ್ಳುತ್ತೇನೆ. ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಸುರಿಯರನ್ನು, ಕೂಸುಗಳನ್ನು ನೋಡಿಕೊಳ್ಳುವುದು ಸಂಸ್ಥೆಯ ಕೆಲಸ. ತೊಂಬತ್ತರ ದಶಕದ ಮೊದಲಲ್ಲಿ ನಾನು ಚೇಳೂರಿನಲ್ಲಿ ಮನೆ ಮನೆ ಸುತ್ತುವವಳಾಗಿ ಸೇರಿದೆ. ಯಾರು ಬಸುರಿ, ಯಾರಿಗೆ ಇಂಜೆಕ್ಷನ್ ಆಯಿತು, ಯಾರು ಮಾತ್ರೆ ನುಂಗಿದರು, ಯಾರು ನುಂಗಿದೆ ಎಂದು ಹೇಳಿ ಹಿತ್ತಲಿಗೆ ಎಸೆದರು, ಇವಿಷ್ಟನ್ನೂ ತಿಳಿದು ಕಾರ್ಡಿನಲ್ಲಿ ಬರೆಯಬೇಕು. ಗುಬ್ಬಿ ತಾಲ್ಲೂಕಿಗೆ ಹಳದಿ ಕಾರ್ಡು, ಕುಣಿಗಲ್ ತಾಲ್ಲೂಕಿಗೆ ಹಸಿರು. ಜೀಪಿನಲ್ಲಿ ತರುವಾಗ ಕಂತೆಗಳು ಬೆರೆಯಬಾರದು ಎಂದು ಈ ಏರ್ಪಾಡು. ಕಂತೆ ಯಾವತ್ತೂ ಬೆರೆಯಲಿಲ್ಲ. ಅದೇ ಆಮೇಲೆ ಎಡವಟ್ಟಾಯಿತು.

ಮಂಡಿ ಕೈಕೊಟ್ಟ ಮೇಲೆ ನನ್ನನ್ನು ತುಮಕೂರಿನ ಆಫೀಸಿಗೆ ಹಾಕಿದರು. ಸದಾಶಿವನಗರದ ಒಂದು ಬಾಡಿಗೆ ಮನೆ. ಹೊಸದಾಗಿ ಬಂದ ಕಂಪ್ಯೂಟರನ್ನು ಧೂಳು ಕಡಿಮೆ ಎಂದು ಆ ಮನೆಯ ದೇವರ ಕೋಣೆಯಲ್ಲಿ ಇಟ್ಟಿದ್ದರು. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಕಾರ್ಡಿನಲ್ಲಿ ಇರುವುದನ್ನು ಕಂಪ್ಯೂಟರಿಗೆ ಟೈಪ್ ಮಾಡಿ ತುಂಬುವುದು ನನ್ನ ಕೆಲಸ. ಒಂದೇ ಬೆರಳಿನಲ್ಲಿ ಮಾಡುತ್ತಿದ್ದೆ. ನನ್ನ ಪಕ್ಕದ ಹುಡುಗಿ ಹತ್ತು ಬೆರಳಿನಲ್ಲಿ ಮಾಡುತ್ತಿದ್ದಳು, ಅವಳಿಗೆ ಹಸಿರು ಕಂತೆ, ನನಗೆ ಹಳದಿ. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದೆವು.

ನಮ್ಮ ನಿರ್ದೇಶಕರು ಒಳ್ಳೆಯವರು. ಬೈಯುತ್ತಿರಲಿಲ್ಲ, ಹಬ್ಬಕ್ಕೆ ಎಲ್ಲರಿಗೂ ಸಿಹಿ ತರುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಪ್ರಶ್ನೆ: ಒಟ್ಟು ಎಷ್ಟು? ಯಾರಿಗಾದರೂ ಹೆರಿಗೆ ಕಷ್ಟವಾಗಿ ಗುಬ್ಬಿಯಿಂದ ಜೀಪಿನಲ್ಲಿ ಕರೆತಂದು, ತಾಯಿ ಮಗು ಬದುಕಿಕೊಂಡರು ಎಂದು ಬಂದು ಹೇಳಿದರೂ, ಸಂತೋಷ ಸಂತೋಷ, ಈ ತಿಂಗಳು ಒಟ್ಟು ಎಷ್ಟಾಯ್ತು ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಸಂಸ್ಥೆಯ ಸಾಧನೆಯ ಪುಸ್ತಿಕೆ ಅಚ್ಚಾಗುತ್ತಿತ್ತು. ಅದರ ಮೊದಲ ಪುಟಕ್ಕೆ ಒಂದು ಒಟ್ಟು ಬೇಕಿತ್ತು, ಪ್ರತಿ ವರ್ಷವೂ ಹಿಂದಿನದ್ದಕ್ಕಿಂತ ದಪ್ಪನೆಯದು.

ಆ ಒಟ್ಟನ್ನು ತೆಗೆದುಕೊಡಲು ಬಂದವನು ಗಿರೀಶ. ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ಕಂಪ್ಯೂಟರಿಗೆ ಪ್ರಶ್ನೆ ಬರೆಯುವವನು. ನನ್ನ ಅನುಮಾನಕ್ಕೆಲ್ಲ ಬೇಸರವಿಲ್ಲದೆ ಹೇಳಿಕೊಡುತ್ತಿದ್ದ.

"ಗಂಗಮ್ಮೋರೆ, ಇದು ಕೇಳಿದ್ದಕ್ಕೆ ಉತ್ತರ ಕೊಡುತ್ತೆ ಅಷ್ಟೆ. ನೀನ್ ಕೇಳಿದ್ದು ಸರಿ ಇದ್ಯೇನಪ್ಪಾ ಅಂತ ತಿರುಗಿ ಕೇಳಲ್ಲ," ಎಂದಿದ್ದ ಮೊದಲ ದಿನ. ಈ ಮಾತನ್ನು ಅವನೇ ಮರೆತ.

ಮೊದಲ ವರದಿ ಬಂದಾಗ ಆಫೀಸಿನಲ್ಲಿ ಹಬ್ಬ. ಊರೂರಿಗೆ ಗುಂಪು ಮಾಡಿ ಬಸುರಿಯರ ಸಂಖ್ಯೆ ತೆಗೆದಿದ್ದ. ನಿರ್ದೇಶಕರು ಮೀಟಿಂಗಿನಲ್ಲಿ ಒಂದೊಂದೇ ಊರು ಓದುತ್ತ ಹೋದರು, ನಾವು ಚಪ್ಪಾಳೆ ತಟ್ಟುತ್ತ ಹೋದೆವು. ಚೇಳೂರಿನ ಹತ್ತಿರದ ಒಂದು ಪುಟ್ಟ ಹಳ್ಳಿ ಬಂತು. ಅಲ್ಲಿನ ಬೀದಿ ನನಗೆ ಗೊತ್ತು, ಜೀಪಿನ ಡ್ರೈವರ್ ರಂಗಸ್ವಾಮಿಗೂ ಗೊತ್ತು. ಅವನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ.

"ಸಾರ್, ಆ ಊರಲ್ಲಿ ಹೆಂಗಸ್ರೇ ಅಷ್ಟು ಜನ ಇಲ್ಲ. ಗಂಡಸ್ರೂ ಬಸ್ರಿಯಾಗವ್ರೆ ಅಂತ ಕಾಣುತ್ತೆ," ಎಂದ.

ಗಿರೀಶ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆಗೆ ತಪ್ಪು ಸಿಕ್ಕಿತು. ತಾಯಂದಿರದ್ದು ಒಂದು ಪಟ್ಟಿ, ತಪಾಸಣೆಗೆ ಬಂದದ್ದರದ್ದು ಇನ್ನೊಂದು ಪಟ್ಟಿ. ಎರಡನ್ನೂ ಜೋಡಿಸಿ ಎಣಿಸಿದ್ದ. ನಾಲ್ಕು ಸಲ ತಪಾಸಣೆಗೆ ಬಂದವಳು ಜೋಡಿಸಿದ ಮೇಲೆ ನಾಲ್ಕು ಸಾಲಾಗುತ್ತಾಳೆ. ಕಂಪ್ಯೂಟರು ಹೆಂಗಸರನ್ನು ಎಣಿಸಲಿಲ್ಲ, ಸಾಲನ್ನು ಎಣಿಸಿತು. ನಾವು ಹೇಳಿದ ಮಾತು ಕೇಳಿ ತಿಂಗಳು ತಿಂಗಳು ಬಂದ ಒಳ್ಳೆಯ ಹೆಂಗಸು ಒಂದು ಸಂಸಾರದಷ್ಟಾದಳು. ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದವಳು ಒಬ್ಬಳೇ ಉಳಿದಳು. ಹೊಸದಾಗಿ ಸೇರಿದವರು ಇಷ್ಟು ನೆನಪಿಡಿ: ಎಣಿಸುವ ಮೊದಲು, ಈ ಒಂದು ಸಾಲು ಎಂದರೆ ಒಬ್ಬ ಹೆಂಗಸೋ ಅಥವಾ ಅವಳು ಬಂದುಹೋದ ಒಂದು ಸಲವೋ ಎಂದು ಕೇಳಿಕೊಳ್ಳಿ. ನಾವು ಕೇಳಿಕೊಂಡಿರಲಿಲ್ಲ. ಚಪ್ಪಾಳೆ ತಟ್ಟಿಬಿಟ್ಟಿದ್ದೆವು.

ಅದೇ ವರದಿಯಲ್ಲಿ ಇನ್ನೊಂದು ಕಾಲಂ ಇತ್ತು. ಬಸುರಿ ಎಂದು ಬರೆಸಿ, ಆಮೇಲೆ ಹೆರಿಗೆಯ ಸುದ್ದಿಯೇ ಇಲ್ಲದವರದ್ದು. ಗಿರೀಶ ಅದಕ್ಕೆ 'ಕಾಣೆಯಾದವರು' ಎಂದು ತಲೆಬರಹ ಕೊಟ್ಟಿದ್ದ. ಪೊಲೀಸ್ ಸ್ಟೇಷನ್ನಿನ ಗೋಡೆಯ ಮೇಲೆ ಇರುವಂಥ ಹೆಸರು. ಕಾಣೆಯಾದವರು ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ. ಅಲ್ಲಿನ ಕಾರ್ಯಕರ್ತೆ ಭಾಗ್ಯಮ್ಮ.

ಭಾಗ್ಯ ನನಗಿಂತ ಚಿಕ್ಕವಳು. ಗಂಡ ಇರಲಿಲ್ಲ. ಹೈಸ್ಕೂಲು ಓದುವ ಒಬ್ಬ ಮಗ, ಮತ್ತು ವರ್ಷ ವರ್ಷ ಮುಂದುವರಿಸುವ ಈ ಕೆಲಸ. ಇಷ್ಟೇ ಅವಳಿಗಿದ್ದದ್ದು. ನಿರ್ದೇಶಕರು ಅವಳನ್ನು ಕರೆಸಿ, ಬಹಳ ಮೆತ್ತಗೆ, ಇಷ್ಟು ಜನ ಹೇಗಮ್ಮ ಕಾಣೆಯಾಗುತ್ತಾರೆ ಎಂದು ಕೇಳಿದರು. ತವರಿಗೆ ಹೋಗುತ್ತಾರೆ ಸಾರ್ ಎಂದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಎನ್ನುವುದು ಅವರಿಗೆ ಗೊತ್ತಿಲ್ಲದ್ದಲ್ಲ. ಅವರ ಹೆಂಡತಿಯೂ ತವರಿನಲ್ಲೇ ಹೆತ್ತವರು, ನಾನೂ ಹಾಗೆಯೇ. ಆದರೆ ಕಾಗದದಲ್ಲಿ ಅಚ್ಚಾಗಿ ಬಂದ ಮೇಲೆ ಗೊತ್ತಿರುವ ವಿಷಯವೂ ನೆಪದ ಹಾಗೆ ಕಾಣುತ್ತದೆ. ಮೇಲಾಗಿ ಚೇಳೂರಿನಲ್ಲಿ ಕಾಣೆಯಾದವರು ಬೆರಳೆಣಿಕೆಯಷ್ಟೇ, ಹೆತ್ತವರೇ ಹೆಚ್ಚಿದ್ದರು. ಅಲ್ಲಿಯವರಿಗೆ ತವರಿಲ್ಲವೇ ಎಂದು ಕೇಳಿದರು. ಮುಂದಿನ ವರದಿಯೂ ಹೀಗೇ ಬಂದರೆ ಕೆಲಸ ಮುಂದುವರಿಸುವುದು ಕಷ್ಟ ಎಂದು ಹೇಳಿ, ಹಬ್ಬದ ಸಿಹಿ ಉಳಿದಿದ್ದನ್ನು ಕೊಟ್ಟು ಕಳಿಸಿದರು.

ಭಾಗ್ಯ ದೇವರ ಕೋಣೆಯ ಬಾಗಿಲಿಗೆ ಬಂದು ನಿಂತಳು. ಕಂಪ್ಯೂಟರಿನ ಕಡೆ ಒಂದು ಸಲ ನೋಡಿದಳು.

"ಗಂಗಕ್ಕ, ನಾನ್ ದಿನಾ ಅವ್ರ ಮನೆ ಮುಂದೆ ಓಡಾಡ್ತೀನಿ. ಕಾಣೆಯಾಗಿರೋದು ಇದ್ರೊಳಗೆ ಕಣಕ್ಕ, ಊರಲ್ಲಲ್ಲ."

ಗಿರೀಶ ಸರಿಮಾಡುತ್ತಾನೆ ಬಿಡು ಎಂದೆ.

ಗಿರೀಶ ಸರಿಮಾಡಿದ. 'ಡಿಸ್ಟಿಂಕ್ಟ್' ಎಂದು ಒಂದು ಪದವಿದೆ, ಅದನ್ನು ಹಾಕಿದರೆ ಕಂಪ್ಯೂಟರು ಒಬ್ಬರನ್ನು ಒಂದೇ ಸಲ ಎಣಿಸುತ್ತದೆ. ಆದರೆ ಒಬ್ಬರು ಎಂದು ಯಾವುದರಿಂದ ಗುರುತು ಹಿಡಿಯಬೇಕು? ಕಾರ್ಡಿನ ನಂಬರಿನಿಂದ ಆಗುವಂತಿರಲಿಲ್ಲ. ಪ್ರತಿ ಕಾರ್ಯಕರ್ತೆಯೂ ತನ್ನ ಊರಿನಲ್ಲಿ ಒಂದರಿಂದ ಶುರುಮಾಡಿದ್ದಳು. ಹಾಗಾಗಿ ಹೆಸರನ್ನು ಹಿಡಿದ. ಒಂದು ಹೆಸರು, ಒಬ್ಬ ತಾಯಿ.

ಈ ತುಮಕೂರು ಸೀಮೆಯಲ್ಲಿ ಎಷ್ಟು ಲಕ್ಷ್ಮಮ್ಮಂದಿರು, ಎಷ್ಟು ಜಯಮ್ಮಂದಿರು ಇದ್ದಾರೆ ಎಂದು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಒಂದು ಹೋಬಳಿಯ ಲಕ್ಷ್ಮಮ್ಮಂದಿರೆಲ್ಲ ಕೂಡಿ ಒಬ್ಬಳೇ ಲಕ್ಷ್ಮಮ್ಮ ಆದರು. ಒಟ್ಟು ಕುಸಿಯಿತು, ನಿರ್ದೇಶಕರ ಮುಖವೂ ಕುಸಿಯಿತು. ಆದರೆ ಕೊತ್ತಗೆರೆಯ ಕಾಣೆಯಾದವರೂ ಅದೇ ಹೊಡೆತಕ್ಕೆ ಅರ್ಧದಷ್ಟಾದರು. ಕಾಣೆಯಾದ ಲಕ್ಷ್ಮಮ್ಮಂದಿರೂ ಒಬ್ಬಳೇ ಆದರಲ್ಲ. ಎಚ್ಚರಿಕೆ ಕೊಟ್ಟ ಮೇಲೆ ಭಾಗ್ಯಮ್ಮ ಸುಧಾರಿಸಿದ್ದಾಳೆ ಎಂದು ಮೀಟಿಂಗಿನಲ್ಲಿ ಹೊಗಳಿದರು. ಅವಳು ಆ ತಿಂಗಳು ಜ್ವರದಲ್ಲಿ ಮಲಗಿದ್ದಳು, ಒಂದು ಮನೆಗೂ ಹೋಗಿರಲಿಲ್ಲ. ಹೊಗಳಿಕೆಯನ್ನು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಆಮೇಲೆ ಗಿರೀಶ ಪ್ರತಿ ಕಾರ್ಡಿಗೂ ಹೊಸ ನಂಬರು ಕೊಟ್ಟ. ಗುಬ್ಬಿಯ ನಂಬರು ಕುಣಿಗಲ್‌ಗೆ ಬರದ ಹಾಗೆ, ಒಂದು ನಂಬರು ಒಂದೇ ಕಾರ್ಡಿಗೆ. ಲಕ್ಷ್ಮಮ್ಮಂದಿರು ಮತ್ತೆ ಹರಡಿಕೊಂಡರು, ಕಾಣೆಯಾದವರು ಮತ್ತೆ ಏರಿದರು. ಭಾಗ್ಯಮ್ಮ ಮತ್ತೆ ಕೆಟ್ಟವಳಾದಳು.

ಅಷ್ಟು ಸಾಲದು ಎಂದು ಕಬ್ಬಿಣದ ಮಾತ್ರೆಯ ಗಲಾಟೆ ಬಂತು. ಯಾವ ತಾಲ್ಲೂಕಿಗೆ ಎಷ್ಟು ಮಾತ್ರೆ ಹೋಯಿತು ಎಂದು ಕೂಡಿಸಬೇಕಿತ್ತು. ತಾಯಂದಿರು, ತಪಾಸಣೆ, ಮಾತ್ರೆ, ಮೂರು ಪಟ್ಟಿಯನ್ನೂ ಒಟ್ಟಿಗೆ ಜೋಡಿಸಿ ಕೂಡಿದ್ದಕ್ಕೆ, ತಪಾಸಣೆ ಎಷ್ಟು ಸಲವೋ ಮಾತ್ರೆಯೂ ಅಷ್ಟು ಪಟ್ಟಾಯಿತು. ನಮ್ಮ ಉಗ್ರಾಣ ಕಣ್ಣಲ್ಲೂ ನೋಡಿರದಷ್ಟು ಮಾತ್ರೆಯನ್ನು ಭಾಗ್ಯ ಹಂಚಿದ್ದಾಳೆ ಎಂದು ಬಂತು. ಗಿರೀಶ ಅಲ್ಲೂ ಡಿಸ್ಟಿಂಕ್ಟ್ ಹಾಕಿದ. ಎಲ್ಲರಿಗೂ ಕೊಡುವುದು ಒಂದೇ ಅಳತೆಯ ಪೊಟ್ಟಣ, ಹಾಗಾಗಿ ಒಂದೇ ಎಂದು ತಿಳಿದ ಕಂಪ್ಯೂಟರು, ತಾಲ್ಲೂಕಿಗೆಲ್ಲ ಸೇರಿ ಒಂದು ಪೊಟ್ಟಣ ಹೋಗಿದೆ ಎಂದಿತು. ಕೊನೆಗೆ ಅವನು ಕಂಡುಕೊಂಡ ದಾರಿ ಇದು. ಮೊದಲು ಒಬ್ಬೊಬ್ಬ ತಾಯಿಯ ಮಾತ್ರೆಯನ್ನು ಬೇರೆಯಾಗಿ ಕೂಡಿಸಿ ಒಂದು ಸಾಲು ಮಾಡುವುದು, ತಪಾಸಣೆಯನ್ನು ಬೇರೆಯಾಗಿ ಎಣಿಸಿ ಒಂದು ಸಾಲು ಮಾಡುವುದು, ಆಮೇಲೆ ಸಾಲಿಗೆ ಸಾಲು ಜೋಡಿಸುವುದು. ಮೊದಲು ಗುಂಪು, ಆಮೇಲೆ ಜೋಡಣೆ. ಈಗಿನವರಿಗೂ ಇದು ಬೇಕಾಗುತ್ತದೆ ಎಂದು ನನ್ನ ಅಂದಾಜು. ಅದನ್ನು ಬರೆದ ಚೀಟಿಯನ್ನು ಗಿರೀಶ ದೇವರ ಕೋಣೆಯ ಗೂಡಿನಲ್ಲಿ ಅಂಟಿಸಿದ್ದ. ಒಂದು ದಿನ ಯಾರೋ ಅದಕ್ಕೆ ಕುಂಕುಮ ಹಚ್ಚಿದ್ದರು. ರಂಗಸ್ವಾಮಿಯ ಕೆಲಸ.

ಮಾತ್ರೆ ಸರಿಹೋಯಿತು, ಭಾಗ್ಯಮ್ಮನ ಹಣೆಬರಹ ಸರಿಹೋಗಲಿಲ್ಲ. ಆ ವರ್ಷದ ಪುಸ್ತಿಕೆ ಅಚ್ಚಿಗೆ ಹೋಯಿತು. ಸಂಸ್ಥೆ ನಡೆಸುತ್ತಿದ್ದ ಆರೋಗ್ಯವಾದ ಕೂಸುಗಳ ಸ್ಪರ್ಧೆ ಮುಗಿದ ಮೇಲೆ ಭಾಗ್ಯಳನ್ನು ಕೆಲಸದಿಂದ ಬಿಡುಗಡೆ ಮಾಡುವುದು ಎಂದು ನಿರ್ದೇಶಕರು ತೀರ್ಮಾನಿಸಿದ್ದರು. ಮೊದಲೇ ಹೇಳಿದರೆ ಸಮಾರಂಭದ ಕೆಲಸಕ್ಕೆ ಜನ ಕಡಿಮೆಯಾಗುತ್ತಾರೆ. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಹಿಂದಿನ ದಿನ ಬಂದು ತೋರಣ ಕಟ್ಟಿದಳು.

ಇಲ್ಲಿ ಸ್ವಲ್ಪ ನಿಲ್ಲಿಸಿದ್ದೆ, ಮಗು ಎದ್ದಿತ್ತು. ಎತ್ತಿಕೊಂಡರೆ ಸುಮ್ಮನಾಯಿತು. ಎತ್ತಿಕೊಂಡದ್ದು ನಾನು ಎಂದೇ ಸುಮ್ಮನಾಯಿತು. ಸವಿತಾ, ಹೊಟ್ಟೆ ತುಂಬಿದೆ ಅದಕ್ಕೆ ಎನ್ನುತ್ತಾಳೆ.

ಸ್ಪರ್ಧೆ ನಡೆದದ್ದು ತುಮಕೂರಿನಲ್ಲಿ, ಬಾಡಿಗೆಗೆ ಹಿಡಿದ ಒಂದು ಛತ್ರದಲ್ಲಿ. ಆರೋಗ್ಯವಾದ ಕೂಸು ಯಾವುದು ಎಂದು ಕಾರ್ಡು ನೋಡಿ ಮೊದಲೇ ಆರಿಸಿದ್ದರು. ತೂಕ, ಇಂಜೆಕ್ಷನ್ನು, ಎಲ್ಲ ಸಮಯಕ್ಕೆ ಸರಿಯಾಗಿದ್ದ ಕೂಸು. ತಾಲ್ಲೂಕಿಗೆ ಒಂದು ಮೊದಲ ಬಹುಮಾನ, ಒಂದು ಬೆಳ್ಳಿ ಬಣ್ಣದ ಕಪ್ಪು, ಒಂದು ಟವೆಲು.

ಮೊದಲು ಗುಬ್ಬಿ ತಾಲ್ಲೂಕು ಕರೆದರು. ಚೇಳೂರಿನ ರಂಗಣ್ಣನವರ ಮಗಳು ರೂಪ, ಅವಳ ಗಂಡು ಮಗು. ಗುಂಡಗಿನ ಕೂಸನ್ನು ಎತ್ತಿಕೊಂಡು ಅವಳ ತಾಯಿ ವೇದಿಕೆ ಹತ್ತಿದರು. ಮೂಗುತಿ ಹೊಳೆಯುತ್ತಿತ್ತು. ನಿರ್ದೇಶಕರು ಕಪ್ಪು ಕೊಟ್ಟರು, ಫೋಟೋ ಆಯಿತು. ಆಮೇಲೆ ಕುಣಿಗಲ್ ತಾಲ್ಲೂಕು ಕರೆದರು. ಕೊತ್ತಗೆರೆಯ ಶಿವಣ್ಣನವರ ಹೆಂಡತಿ ರೂಪ, ಅವಳ ಗಂಡು ಮಗು. ಸಭೆಯ ಇನ್ನೊಂದು ತುದಿಯಿಂದ ಇನ್ನೊಬ್ಬ ಅಜ್ಜಿ ಎದ್ದರು. ಕೈಯಲ್ಲಿ ಮಗು ಇರಲಿಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ವೇದಿಕೆ ಹತ್ತಿ, ಕೆಳಗಿಳಿಯುತ್ತಿದ್ದ ಮೊದಲ ಅಜ್ಜಿಯ ಮುಂದೆ ಕೈ ಚಾಚಿದರು.

"ಕೊಡಿ ಬೀಗ್ತಿ, ಈಗ ನಮ್ ಸರದಿ."

ಅವರು ಕೊಟ್ಟರು. ಇವರು ಎತ್ತಿಕೊಂಡು ನಿಂತರು. ನಿರ್ದೇಶಕರು ಕ್ಯಾಮರಾ ಕಡೆ ನೋಡುತ್ತಿದ್ದರು, ಕೂಸಿನ ಮುಖ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಎರಡನೇ ಕಪ್ಪು ಕೊಟ್ಟೂ ಬಿಡುತ್ತಿದ್ದರು. ತಡೆದವನು ಫೋಟೋದವನು. ಸಾರ್, ಈ ಮಗೂದು ಆಗ್ಲೇ ಹೊಡ್ದಾಯ್ತು ಎಂದ.

ನಿರ್ದೇಶಕರು ಕೂಸನ್ನು ನೋಡಿದರು. ಆಮೇಲೆ ಇಬ್ಬರು ಅಜ್ಜಿಯರನ್ನು ನೋಡಿದರು. ಯಾರ ಮಗು ಇದು ಎಂದು ಕೇಳಿದರು. ನಮ್ದು, ಎಂದರು ಇಬ್ಬರೂ. ಒಬ್ಬರು ಸೊಂಟದಿಂದ ಹಳದಿ ಕಾರ್ಡು ತೆಗೆದರು, ಇನ್ನೊಬ್ಬರು ಎಲೆಯಡಿಕೆ ಚೀಲದಿಂದ ಹಸಿರು ಕಾರ್ಡು ತೆಗೆದರು. ಐದು ತಿಂಗಳು ನಮ್ಮನೇಲಿ ಎಣ್ಣೆ ತಿಕ್ಕಿ ಬೆಳೆಸಿದ್ದು ಯಾರು ಅಂದ್ಕೊಂಡಿರಿ ಎಂದು ಚೇಳೂರಿನ ಅಜ್ಜಿ. ಬರುವಾಗ ಇಲಿಮರಿ ಹಾಗಿತ್ತು, ದಪ್ಪ ಆದದ್ದು ನಮ್ಮ ರಾಗಿ ಸರಿಯಲ್ಲಿ ಎಂದು ಕೊತ್ತಗೆರೆಯ ಅಜ್ಜಿ. ಛತ್ರವೆಲ್ಲ ನಗುತ್ತಿತ್ತು. ಕೂಸು ಮಾತ್ರ ಕಪ್ಪಿನ ಕಿವಿ ಚೀಪುತ್ತಿತ್ತು.

ಭಾಗ್ಯ ಬಾಗಿಲ ಹತ್ತಿರ ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯನ್ನು ಮೆಲ್ಲಗೆ ಕುರ್ಚಿಯ ಮೇಲಿಟ್ಟು ಮುಂದೆ ಬಂದಳು. ದನಿ ಏರಿಸಲಿಲ್ಲ. ನಗು ನಿಲ್ಲುವ ತನಕ ಕಾದು ಹೇಳಿದಳು.

"ಸಾರ್, ನಿಮ್ಮ ವರದೀಲಿ ಕಾಣೆಯಾಗವ್ಳೆ ಅಂತ ಇದ್ಯಲ್ಲ ರೂಪ, ಇವ್ಳೇ ಅವ್ಳು. ಮೂರನೇ ಸಾಲಲ್ಲಿ ಕೂತವ್ಳೆ, ನೋಡಿ."

ಎಲ್ಲರೂ ತಿರುಗಿ ನೋಡಿದರು. ರೂಪ ನಾಚಿಕೊಂಡು ಸೆರಗನ್ನು ಬಾಯಿಗೆ ಹಿಡಿದಳು. ಕಾಣೆಯಾದವಳೊಬ್ಬಳು ಅಷ್ಟು ನಾಚಿಕೊಂಡದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಆಗಿದ್ದು ಇಷ್ಟು. ರೂಪ ಬಸುರಿಯಾದಾಗ ಕೊತ್ತಗೆರೆಯಲ್ಲಿ ಭಾಗ್ಯ ಹಸಿರು ಕಾರ್ಡು ಬರೆದಳು, ಶಿವಣ್ಣನ ಹೆಂಡತಿ ಎಂದು. ಸೀಮಂತ ಮುಗಿಸಿ ತವರಿಗೆ ಹೋದಳು, ಅಲ್ಲಿ ಹಳದಿ ಕಾರ್ಡು ಬರೆದರು, ರಂಗಣ್ಣನ ಮಗಳು ಎಂದು. ಗಂಡನ ಊರಲ್ಲಿ ಹೆಂಗಸಿಗೆ ಗಂಡನ ಗುರುತು, ತವರಲ್ಲಿ ಅಪ್ಪನ ಗುರುತು. ಯಾರೂ ಸುಳ್ಳು ಬರೆಯಲಿಲ್ಲ. ಹೆರಿಗೆ ಹಳದಿ ಕಾರ್ಡಿಗೆ ಸೇರಿತು, ಹಸಿರು ಕಾರ್ಡಿನಲ್ಲಿ ಆ ಜಾಗ ಖಾಲಿ ಉಳಿಯಿತು. ವಾಪಸು ಬಂದ ಮೇಲೆ ಮಗುವಿಗೆ ಇನ್ನೊಂದು ಹಸಿರು ಕಾರ್ಡು. ಕಾರ್ಡಿಗೊಂದು ನಂಬರು ಎಂದು ನಾವು ಅಷ್ಟು ಅಚ್ಚುಕಟ್ಟು ಮಾಡಿದ್ದೆವಲ್ಲ, ಆ ಅಚ್ಚುಕಟ್ಟಿಗೆ ರೂಪ ಇಬ್ಬರಾದಳು. ಒಬ್ಬಳು ಕಾಣೆಯಾದಳು, ಒಬ್ಬಳು ಬಹುಮಾನ ತಂದಳು. ಚೇಳೂರಿನ ಕಡೆಯ ಹೆಣ್ಣುಗಳನ್ನು ಕೊತ್ತಗೆರೆ ಕಡೆಗೆ ಕೊಡುವುದು ಆಗ ಬಹಳ. ತವರು ಎಂದರೆ ಎಲ್ಲೋ ದೂರ ಎಂದು ಆಫೀಸಿನಲ್ಲಿ ಎಲ್ಲರೂ ಅಂದುಕೊಂಡಿದ್ದರು. ಅದು ನಮ್ಮದೇ ಇನ್ನೊಂದು ಕಂತೆಯಲ್ಲಿತ್ತು, ನನ್ನ ಬೆನ್ನ ಹಿಂದೆ.

ಮಾರನೆಯ ದಿನದಿಂದ ದೇವರ ಕೋಣೆಯಲ್ಲಿ ಹಳದಿ ಕಂತೆ, ಹಸಿರು ಕಂತೆ ಎದುರುಬದುರು ಬಂದವು. ಭಾಗ್ಯ ಕಾಣೆಯಾದವರ ಹೆಸರು, ಅವರ ತವರೂರು ಹೇಳುವುದು, ನಾನು ಹಳದಿಯಲ್ಲಿ ಹುಡುಕುವುದು, ಗಿರೀಶ ಗುರುತು ಹಾಕುವುದು. ಒಬ್ಬೊಬ್ಬಳೇ ಸಿಗುತ್ತಾ ಹೋದಳು. ಸಿಕ್ಕಾಗಲೆಲ್ಲ ರಂಗಸ್ವಾಮಿ ಬಾಗಿಲಿನಿಂದ, ಮನೆಯವರಿಗೆ ತಿಳಿಸಬೇಕಾ ಎಂದು ಕೇಳುತ್ತಿದ್ದ. ದೂರದ ತವರಿನ ಕೆಲವರು ಬಿಟ್ಟರೆ ಕೊತ್ತಗೆರೆಯ ಕಾಣೆಯಾದವರ ಕಾಲಂ ಹೆಚ್ಚುಕಡಿಮೆ ಖಾಲಿಯಾಯಿತು.

ಈಗ ನಿರ್ದೇಶಕರ ಹತ್ತಿರ ಹೋಗಬೇಕಿತ್ತು. ಹೋದೆವು. ಅವರು ಎಲ್ಲ ಕೇಳಿಸಿಕೊಂಡು, ಪುಸ್ತಿಕೆ ಅಚ್ಚಾಗಿ ಬಂದಿದೆ, ಒಟ್ಟು ಹಾಗೇ ಇರಲಿ, ಎರಡು ತಾಲ್ಲೂಕಿನದ್ದೂ ಸರಿಯಾಗಿದೆ ಎಂದ ಮೇಲೆ ಕೂಡಿದರೆ ಹೇಗೆ ತಪ್ಪಾಗುತ್ತದೆ ಎಂದರು. ಪ್ರಶ್ನೆ ತಪ್ಪಲ್ಲ, ನನಗೂ ಅದೇ ಅನುಮಾನವಿತ್ತು.

"ಸಾರ್, ಗುಬ್ಬೀಲಿ ಕೇಳಿದ್ರೆ ರೂಪ ಅಲ್ಲಿದ್ದಾಳೆ, ಕುಣಿಗಲ್‌ನಲ್ಲಿ ಕೇಳಿದ್ರೂ ಇದ್ದಾಳೆ. ಎರಡೂ ನಿಜ. ಎರಡನ್ನೂ ಕೂಡಿದ್ರೆ ಮಾತ್ರ ಸುಳ್ಳು," ಎಂದ ಗಿರೀಶ. "ಗುಂಪು ಗುಂಪಿನ ಲೆಕ್ಕ ಕೂಡಿಸಿ ಒಟ್ಟು ಮಾಡೋ ಹಾಗಿಲ್ಲ ಸಾರ್. ಒಟ್ಟು ಬೇಕಂದ್ರೆ ಎಲ್ಲರನ್ನೂ ಒಂದು ಕಡೆ ನಿಲ್ಲಿಸಿ ಮೊದಲಿಂದ ಎಣಿಸಬೇಕು."

ಹಾಗಾದರೆ ಒಟ್ಟು ಕಡಿಮೆಯಾಗುತ್ತಾ ಎಂದು ಕೇಳಿದರು. ಅವರ ಸಂಕಟ ಅಷ್ಟೇ. ಆಗುತ್ತೆ ಸಾರ್ ಎಂದ ಗಿರೀಶ. ಒಟ್ಟನ್ನು ಹಾಗೇ ಬಿಟ್ಟರೆ ಕಾಣೆಯಾದ ರೂಪಳನ್ನೂ ಹಾಗೇ ಬಿಡಬೇಕು, ಅವಳ ಕೂಸಿಗೆ ನೀವೇ ಕಪ್ಪು ಕೊಟ್ಟ ಫೋಟೋ ಇದೆ ಎಂದೂ ಸೇರಿಸಿದ. ನಿರ್ದೇಶಕರು ಕಿಟಕಿಯ ಹೊರಗೆ ನೋಡುತ್ತ ಕೂತರು. ಭಾಗ್ಯ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಅವಳನ್ನು ಉಳಿಸಿಕೊಳ್ಳಬೇಕಾದರೆ ಅವರ ಒಟ್ಟು ಹೋಗಬೇಕಿತ್ತು. ಆ ಒಟ್ಟಿಗೆ ಅವರು ಆಗಲೇ ಒಂದು ಶಾಲು ಹೊದಿಸಿಕೊಂಡಿದ್ದರು.

ಆಗ ಟೀ ತಂದ ರಂಗಸ್ವಾಮಿ, ಕೇಳದೆ ಇದ್ದರೂ ಒಂದು ಮಾತು ಹೇಳಿದ.

"ಅದಕ್ಯಾಕೆ ಸಾರ್ ಯೋಚ್ನೆ. ಹೆರಿಗೆ ಕಮ್ಮಿಯಾಗವೆ ಅಂತ ಹಾಕ್ಬುಡಿ. ನಮ್ ಪ್ರಚಾರ ಅಂಗೈತೆ ಅಂತ."

ನಾವು ನಕ್ಕೆವು. ನಿರ್ದೇಶಕರು ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು.

ಮುಂದಿನ ವರ್ಷದ ಪುಸ್ತಿಕೆಯ ಮೊದಲ ಪುಟದಲ್ಲಿ, ಸಂಸ್ಥೆಯ ಸತತ ಜಾಗೃತಿಯ ಫಲವಾಗಿ ಎರಡೂ ತಾಲ್ಲೂಕುಗಳಲ್ಲಿ ಹೆರಿಗೆಗಳು ಗಣನೀಯವಾಗಿ ಇಳಿದಿವೆ ಎಂದು ಅಚ್ಚಾಯಿತು. ಕೆಳಗೆ, ಹೊಸ ಕ್ರಮಗಳಿಂದ ಕೊತ್ತಗೆರೆಯಲ್ಲಿ ಕಾಣೆಯಾದವರನ್ನು ಪತ್ತೆ ಹಚ್ಚಲಾಗಿದೆ ಎಂದು. ನಿರ್ದೇಶಕರಿಗೆ ಇನ್ನೊಂದು ಶಾಲು ಬಂತು. ಭಾಗ್ಯಳ ಕೆಲಸ ಮುಂದುವರಿಯಿತು. ಕ್ಷಮಿಸಿ ಎಂದು ಯಾರೂ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಆಫೀಸಿನಿಂದ ಹೊರಗೆ ಬಂದು ಬಸ್ ಸ್ಟ್ಯಾಂಡಿನ ತನಕ ನನ್ನ ಕೈ ಹಿಡಿದುಕೊಂಡು ನಡೆದಳು. ಕುಣಿಗಲ್ ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತ ಮೇಲೆ ಅತ್ತಳು.

ಕಾರ್ಡು ಎರಡಾಗದ ಹಾಗೆ ಮಾಡುವುದು ಹೇಗೆ ಎಂದು ಆಫೀಸಿನಲ್ಲಿ ಬಹಳ ಮೀಟಿಂಗ್ ಆಯಿತು. ಕಾರ್ಡು ಹೆಂಗಸಿನ ಜೊತೆಯೇ ತವರಿಗೆ ಹೋಗಬೇಕು, ಅಲ್ಲಿ ಹೊಸದು ಕೊಡಬಾರದು, ಹಳೆಯದರಲ್ಲೇ ಬರೆಯಬೇಕು. ಹೇಳುವುದು ಸುಲಭ. ಸೀಮಂತ ಮುಗಿಸಿ ಹೊರಡುವ ಗಡಿಬಿಡಿಯಲ್ಲಿ ಯಾರಿಗೆ ಕಾರ್ಡು ನೆನಪಿರುತ್ತದೆ? ಭಾಗ್ಯ ತನ್ನ ಊರಿನಲ್ಲಿ ಒಂದು ರೂಢಿ ಮಾಡಿದಳು. ಸೀಮಂತದಲ್ಲಿ ಮಡಿಲು ತುಂಬುವಾಗ ಅಕ್ಕಿ, ಕೊಬ್ಬರಿ, ಬಳೆ, ಎಲೆಯಡಿಕೆಯ ಜೊತೆ ಹಸಿರು ಕಾರ್ಡನ್ನೂ ಮಡಿಲಿಗೆ ಹಾಕಿಸುವುದು. ಮಡಿಲಿಗೆ ಬಿದ್ದದ್ದನ್ನು ಯಾವ ಹೆಣ್ಣು ಮಗಳೂ ದಾರಿಯಲ್ಲಿ ಬಿಡುವುದಿಲ್ಲ. ತವರಿನಲ್ಲಿ ಮಡಿಲು ಬಿಚ್ಚಿದಾಗ ಅಕ್ಕಿಯ ನಡುವೆ ಕಾರ್ಡು ಸಿಗುತ್ತಿತ್ತು. ಅರಿಶಿನ ಮೆತ್ತಿದ ಕಾರ್ಡುಗಳು ನನ್ನ ಮೇಜಿಗೆ ಬರತೊಡಗಿದವು. ಹಸಿರು ಯಾವುದು, ಹಳದಿ ಯಾವುದು ಎಂದು ಗೊತ್ತಾಗದ ಹಾಗೆ. ಗಿರೀಶ ಕಂಪ್ಯೂಟರಿನಲ್ಲಿ ತವರೂರು, ಗಂಡನೂರು ಎಂದು ಎರಡು ಜಾಗ ಮಾಡಿದ, ತಾಯಿಗೆ ಮಾತ್ರ ಒಂದೇ ನಂಬರು ಇಟ್ಟ. ಅಲ್ಲಿಂದ ಮುಂದೆ ನಾವು ತೆಗೆದ ಒಟ್ಟು ನಂಬಬಹುದಾದ ಒಟ್ಟು. ಅದರ ಬಗ್ಗೆ ಯಾರಿಗೂ ಉತ್ಸಾಹವಿರಲಿಲ್ಲ.

ಕೆಲಸದ ಕಥೆ ಇಷ್ಟೇ. ಭಾಗ್ಯಳ ಹೈಸ್ಕೂಲು ಓದುತ್ತಿದ್ದ ಆ ಮಗನೇ ಈಗ ನನ್ನ ಅಳಿಯ. ಕೊತ್ತಗೆರೆಯಲ್ಲಿ ತೋಟ ನೋಡಿಕೊಂಡಿದ್ದಾನೆ. ಸವಿತಾಳ ಸೀಮಂತದಲ್ಲಿ ಮಡಿಲು ತುಂಬುವಾಗ ಭಾಗ್ಯ ಕೊಬ್ಬರಿಯ ಕೆಳಗೆ ತಾಯಿ ಕಾರ್ಡು ತುರುಕಿದ್ದನ್ನು ನಾನು ನೋಡಿದೆ. ಈಗ ಎಲ್ಲ ಟ್ಯಾಬಿನಲ್ಲೇ ಇರುತ್ತೆ ಕಣೇ ಎಂದೆ. ಇರ್ಲಿ ಬುಡು ಗಂಗಕ್ಕ ಎಂದಳು.

ಇವತ್ತು ಕಾವ್ಯ ಮತ್ತೆ ಬಂದಿದ್ದಳು. ಮೊಮ್ಮಗಳನ್ನು ನೋಡಲು ಭಾಗ್ಯಳೂ ಬೆಳಗಿನ ಬಸ್ಸಿಗೆ ಬಂದಿದ್ದಾಳೆ. ಮೂಗು ತನ್ನದು ಎನ್ನುತ್ತಿದ್ದಾಳೆ, ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ಈ ಸಲ ನೆಟ್‌ವರ್ಕ್ ಸಿಕ್ಕಿತು. ಸವಿತಾಳ ಹೆಸರು ಕೊತ್ತಗೆರೆಯಲ್ಲಿ ಆಗಲೇ ಇರುವುದನ್ನು ಟ್ಯಾಬು ತಾನಾಗಿ ತೋರಿಸಿತು, ಹೊಸದಾಗಿ ಸೇರಿಸಲು ಬಿಡಲಿಲ್ಲ. ಭೇಷ್ ಎಂದುಕೊಂಡೆ. ನಾವು ಅಷ್ಟು ಒದ್ದಾಡಿದ್ದನ್ನು ಅದು ಕ್ಷಣದಲ್ಲಿ ಮಾಡಿತು. ಆಮೇಲೆ ಕಾವ್ಯ ತಲೆ ಎತ್ತದೆ ಏನೇನೋ ಕೇಳುತ್ತ ಒತ್ತುತ್ತ ಹೋದಳು. ಕೊನೆಯಲ್ಲಿ ಇದನ್ನು ಕೇಳಿದಳು.

"ಅಜ್ಜಿ, ನಿಮ್ಗೆ ಮೊಮ್ಮಕ್ಕಳು ಎಷ್ಟು?"

ಒಂದು, ಎಂದೆ.

"ನಿಮ್ಗೆ ಅಜ್ಜಿ?"

"ನಂಗೂ ಒಂದು ಕಣಮ್ಮ," ಎಂದಳು ಭಾಗ್ಯ, ತೊಟ್ಟಿಲ ಮೇಲಿನಿಂದ ಕಣ್ಣು ತೆಗೆಯದೆ.

"ಒಟ್ಟು ಎರಡು," ಎಂದು ಕಾವ್ಯ ಒತ್ತಿದಳು.

ಭಾಗ್ಯ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ತೊಟ್ಟಿಲಿನಲ್ಲಿದ್ದವಳು ಆಕಳಿಸಿದಳು, ಇಬ್ಬರೂ ಬಾಗಿ ಅದನ್ನು ನೋಡಿದೆವು. ಅಷ್ಟರಲ್ಲಿ ಕಾವ್ಯ ಚಪ್ಪಲಿ ಮೆಟ್ಟಿ ಹೊರಟುಹೋಗಿದ್ದಳು.

ಕಾವ್ಯ, ಇದನ್ನು ಓದಿದ ಮೇಲೆ ನೀನೇ ತಿದ್ದಿಕೋ ತಾಯಿ. ಅವಸರ ಏನಿಲ್ಲ.